ಶೆಟ್ಟರ ಕನ್ನಡಕ

ಬಸ್ ಕಂಡಕ್ಟರ್ ನಾಗವೇಣಿಗೆ ಕೆರೆಯ ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು. ಎರಡು ವರ್ಷ ಓವರ್‌ಟೈಮ್ ಮಾಡಿ ಕೂಡಿಟ್ಟ ನಲವತ್ತು ಸಾವಿರ ಹಿಡಿದು ದಾವಣಗೆರೆಯ ಕ್ಯಾಮೆರಾ ಅಂಗಡಿಗೆ ಬಂದಳು. "ಹಳೇ ಕ್ಯಾಮೆರಾ ಬಾಡಿ ಸಾಕು ಶೆಟ್ರೇ. ಉಳಿದ ದುಡ್ಡಿಗೆಲ್ಲ ಒಳ್ಳೇ ಲೆನ್ಸ್ ಕೊಡಿ."

ಅಂಗಡಿಯ ಪಾಂಡುರಂಗ ಶೆಟ್ಟರು ಆರಡಿ ಆಳು, ಕುರ್ಚಿ ತುಂಬುವ ಮೈ. ನಕ್ಕರು. "ಟಿಕೆಟ್ ಹರಿಯೋರಿಗೆ ಇದೆಲ್ಲ ತಿಳಿಯಲ್ಲಮ್ಮ. ಬಾಡಿ ಗಟ್ಟಿ ಇದ್ರೆ ಲೆನ್ಸ್ ಯಾವುದಾದ್ರೇನು?" ಎಂದು, ಅವಳ ದುಡ್ಡನ್ನೆಲ್ಲ ನುಂಗುವಂಥ ಹೊಸ ಬಾಡಿಯೊಂದನ್ನು ಮುಂದಿಟ್ಟರು.

ನಾಗವೇಣಿ ವಾದಕ್ಕಿಳಿಯಲಿಲ್ಲ. "ನಿಮ್ಮ ಕನ್ನಡಕ ಒಂದ್ನಿಮಿಷ ಕೊಡಿ" ಎಂದಳು. ಶೆಟ್ಟರು ಕೊಟ್ಟರು.

"ಈಗ ಈ ಕ್ಯಾಮೆರಾಕ್ಕೆ ಕಟ್ಟಿರೋ ಚೀಟಿ ಮೇಲಿನ ರೇಟು ಓದಿ."

ಶೆಟ್ಟರು ಚೀಟಿಯನ್ನು ಮೂಗಿನ ಹತ್ತಿರ ತಂದರು. ಕೈ ಚಾಚಿ ದೂರ ಹಿಡಿದರು. "ಕಾಣ್ತಿಲ್ಲಮ್ಮ."

"ಯಾಕೆ ಶೆಟ್ರೇ? ಬಾಡಿ ಗಟ್ಟಿಯಾಗೇ ಇದೆಯಲ್ಲ. ನಾನು ತೆಗೆದದ್ದು ಲೆನ್ಸ್ ಮಾತ್ರ."

ಶೆಟ್ಟರು ಹೊಟ್ಟೆ ಕುಲುಕುವಷ್ಟು ನಕ್ಕು, ತಾವೇ ಎದ್ದು ಹೋಗಿ ಹಳೇ ಬಾಡಿ, ಒಳ್ಳೇ ಲೆನ್ಸ್ ತಂದುಕೊಟ್ಟರು.

ಈಗಲೂ ಅವಳ ಬಸ್ಸು ಹತ್ತಿದರೆ ಶೆಟ್ಟರು ಮೊದಲು ಕನ್ನಡಕ ಗಟ್ಟಿಯಾಗಿ ಹಿಡಿದುಕೊಂಡು, ಆಮೇಲೆ ಟಿಕೆಟ್ ಕೇಳುತ್ತಾರೆ.