ಕೌದಿಯ ಮೇಲೆ ಬೇರಿಲ್ಲದ ಹೂವು

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಚಂಪಲದೇವಿ ಮೂರು ಒಗಟು ಕೇಳ್ತಾಳ. ಮೂರನ್ನೂ ಒಡೆದವಗ ಅರ್ಧ ರಾಜ್ಯ, ಅವನ ಕೂಡ ಮದುವಿ. ಒಂದು ತಪ್ಪಿದ್ರೂ ಅಮಾಸಿ ದಿನ ಮಧ್ಯಾಹ್ನ ತಲಿ ಹೋಗತೈತಿ. ಯಾರರೆ ಗೆದ್ರ ಸೋತವ್ರಿಗೆಲ್ಲ ಬಿಡುಗಡಿ!"

ಕೊನೆಯ ಮಾತನ್ನು ಡಂಗುರದವನು ಗಂಟಲಲ್ಲೇ ನುಂಗಿದ. ಗೆದ್ದವರು ಒಬ್ಬರೂ ಇರಲಿಲ್ಲವಲ್ಲ. ಸೆರೆಮನೆಯಲ್ಲಿ ಆಗಲೇ ಹನ್ನೊಂದು ಮಂದಿ ಕುಳಿತಿದ್ದರು. ಹನ್ನೊಂದನೆಯವನು ಭರಮನ ಅಣ್ಣ ಕರಿಯ. ಅರಮನೆಯ ಕುದುರೆ ತಿಕ್ಕುವವನಿಗೆ ರಾಜಕುಮಾರಿಯ ಆಸೆ ಹುಟ್ಟಿತ್ತು. ಯಾರದೋ ಪೇಟ ಎರವಲು ಸುತ್ತಿಕೊಂಡು ಹೋದವನು ಮೊದಲ ಒಗಟಿಗೇ ಬಿದ್ದಿದ್ದ.

ಭರಮನೂ ತಾಯಿ ದುರಗವ್ವನೂ ಊರೂರು ಅಲೆದು, ಕಂಡವರ ಕಟ್ಟೆಯ ಮೇಲೆ ಕೂತು ಹಳೆ ಸೀರೆಗಳಿಂದ ಕೌದಿ ಹೊಲಿದು ಹೊಟ್ಟೆ ಹೊರೆಯುವವರು. ಅಮಾವಾಸ್ಯೆಯ ಬೆಳಿಗ್ಗೆ ಭರಮ ಎದ್ದು, ಸೂಜಿಯನ್ನು ರುಮಾಲಿಗೆ ಚುಚ್ಚಿಕೊಂಡ.

"ಯವ್ವಾ, ನಾನೂ ಹೋಗಿ ಬರ್ತೀನಿ."

"ಒಬ್ಬನ್ನ ಕಳಕೊಂಡಿದ್ದು ಸಾಲದೇನೋ?"

"ಎಲ್ಲಿ ಕಳಕೊಂಡಿದಿಬೇ? ಮಧ್ಯಾಹ್ನದ ತನಕ ಹೊತ್ತೈತಲ್ಲ."

ಆಸ್ಥಾನದಲ್ಲಿ ಅಂದು ಇನ್ನಿಬ್ಬರಿದ್ದರು: ಏಳೆಳೆ ಮುತ್ತಿನ ಹಾರದ ಒಬ್ಬ ಯುವರಾಜ, ಶಾಲು ಹೊದ್ದ ಒಬ್ಬ ಪಂಡಿತ. ಪೂರ್ತಿ ಮುಳುಗಿದರೆ ಮಧ್ಯಾಹ್ನವೆಂದು ಇಟ್ಟ ಗಳಿಗೆ ಬಟ್ಟಲು ನೀರಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಕಂಬಕ್ಕೊರಗಿದ ಕೊಡಲಿಯವನು ಹೆಬ್ಬೆರಳಿನಿಂದ ಅಲಗು ಸವರುತ್ತಿದ್ದ.

ರಾಜಕುಮಾರಿ ಕೇಳಿದಳು: "ಒಂದೇ ಮನೆಯಲ್ಲಿ ನೂರು ಮಂದಿ. ಮದುವೆಯಿಂದ ಬಂದವರು, ತೊಟ್ಟಿಲಿಂದ ಬಂದವರು, ದುಡಿದು ಸವೆದು ಬಂದವರು. ಒಬ್ಬರಿಗೊಬ್ಬರು ಕಟ್ಟಿಕೊಂಡೇ ಮಲಗುತ್ತಾರೆ, ಜಗಳವಿಲ್ಲ. ಯಾರವರು?"

"ನಮ್ಮ ಅಂತಃಪುರ!" ಎಂದ ಯುವರಾಜ.

"ಅಲ್ಲಿ ಜಗಳವಿಲ್ಲವೆಂದು ನಿಮಗೆ ಹೇಳಿದವರು ಯಾರು?"

ಸಭೆ ನಕ್ಕಿತು. ನಗು ಮುಗಿಯುವುದರೊಳಗೆ ಇಬ್ಬರು ಭಟರು ಅವನನ್ನು ಎಳೆದೊಯ್ದಿದ್ದರು.

"ಸ್ಮಶಾನದ ಹೆಣಗಳು," ಎಂದ ಪಂಡಿತ.

"ಹೆಣಗಳು ಕಟ್ಟಿಕೊಂಡು ಮಲಗುವುದಿಲ್ಲ, ಆಚಾರ್ಯರೇ."

ಅವನೂ ಹೋದ. ಉಳಿದವನು ಭರಮ ಒಬ್ಬನೇ.

"ಕೌದಿಯೊಳಗಿನ ಚಿಂದಿ ರೀ, ದೊರೆಸಾನಿ," ಎಂದ. "ಧಾರೆ ಸೀರಿ, ಕೂಸಿನ ಕುಲಾಯಿ, ಹೊಲದಾಗ ಹರಿದ ಧೋತರ. ದಾರ ಬಿದ್ದ ಮ್ಯಾಲ ಎಲ್ಲಾ ಒಂದ ಮನಿ."

ರಾಜಕುಮಾರಿ ತಲೆದೂಗಲಿಲ್ಲ, ಭಟರನ್ನೂ ಕರೆಯಲಿಲ್ಲ. "ಅದು ಬತ್ತಲೆ, ಊರಿಗೆಲ್ಲ ಉಡಿಸುತ್ತದೆ. ನಡೆದಂತೆಲ್ಲ ಬಾಲ ಗಿಡ್ಡವಾಗುತ್ತದೆ. ಕಳೆದ ಬಾಲವೇ ಅದರ ಹಾದಿ. ಏನದು?"

ಭರಮ ರುಮಾಲಿಗೆ ಕೈ ಹಾಕಿದ. "ಆಯುಧ!" ಎಂದು ಭಟರು ಮೈಮೇಲೆ ಬಿದ್ದರು. ಅವರ ಕೆಳಗಿನಿಂದಲೇ ಅವನು ಕೈ ಚಾಚಿ ಬೆರಳತುದಿಯ ಸೂಜಿ ತೋರಿಸಿದ. "ಇದರೀ... ಬಾಲ ಅಂದ್ರ ದಾರ... ಸ್ವಲ್ಪ ಮೊಣಕಾಲು ತೆಗೀರಿ, ಅಣ್ಣಾರ."

ರಾಜಕುಮಾರಿ ದಾಸಿಯರಿಗೆ ಸನ್ನೆ ಮಾಡಿದಳು. ಅವರು ಹಳೆಯ ಕೌದಿಯೊಂದನ್ನು ತಂದು ಹಾಸಿದರು. ಅದರ ನಟ್ಟನಡುವೆ ಕೆಂಪು ರೇಷ್ಮೆಯ ಒಂದು ಹೂವನ್ನು ಮೇಲಿನಿಂದ ಹಚ್ಚಿ ಹೊಲಿಯಲಾಗಿತ್ತು.

"ನಾನು ಹುಟ್ಟಿದಾಗ ಅವ್ವ ಇದನ್ನು ಮುಗಿಸಿದಳು. ಐದು ವರ್ಷದ ಮೇಲೆ ಈ ಹೂ ಹಚ್ಚಿದಳು. ಕೌದಿ ಮಗುಚಿ ನೋಡಿದರೆ ಹೂವಿಗೆ ಬೇರೇ ಇಲ್ಲ. ಏಕೆ?"

"ಈ ಮೂರನೆಯ ಒಗಟಿನವರೆಗೆ ಬಂದವರು ಇಬ್ಬರೇ," ಎಂದ ರಾಜ. "ಅಂಟು ಹಾಕಿದ್ದು ಅಂದ ಒಬ್ಬ. ಕೈಚಳಕ ತೋರಿಸಲಿಕ್ಕೆ ಅಂದ ಇನ್ನೊಬ್ಬ. ಇಬ್ಬರೂ ಒಳಗಿದ್ದಾರೆ."

ಭರಮ ಮಂಡಿಯೂರಿ ಕೌದಿಯನ್ನು ಮಗುಚಿದ. ಹೂವಿನ ಒಂದು ಎಳೆಯೂ ಕೆಳಗೆ ಬಂದಿರಲಿಲ್ಲ. ಸೂಜಿ ಮೇಲಿನ ಪದರವನ್ನಷ್ಟೇ ಕಚ್ಚಿ ಹೋಗಿತ್ತು. ಮುಗಿದ ಕೌದಿಗೆ ತೇಪೆ ಹಚ್ಚುವಾಗ ಯಾರೂ ಹೀಗೆ ಹೊಲಿಯುವುದಿಲ್ಲ, ಬಾಳಿಕೆ ಬರುವುದಿಲ್ಲ. ಎಡಗೈ ಕೆಳಗಿಡು, ಸೂಜಿ ಬೆರಳಿಗೆ ತಟ್ಟಬೇಕು ಎಂದು ಯವ್ವ ಬೈದು ಬೈದು ಕಲಿಸಿದ್ದಳು. ಹಾಗಾದರೆ ರಾಣಿಯ ಎಡಗೈ ಎಲ್ಲಿತ್ತು?

ಬಟ್ಟಲ ಅಂಚಿಗೆ ನೀರು ಬಂದಿತ್ತು. ಕೊಡಲಿಯವನು ಕಂಬ ಬಿಟ್ಟು ನಿಂತ.

ಹೂವು ಕೌದಿಯ ಗೆರೆಗಳಿಗೆ ನೆಟ್ಟಗಿರಲಿಲ್ಲ, ಓರೆಯಾಗಿತ್ತು. ಹೊಲಿಗೆಯೂ ಮೂರು ಹೆಜ್ಜೆ ಹೋಗಿ ನಿಂತಿತ್ತು. ಮತ್ತೆ ಎರಡು, ಮತ್ತೆ ನಿಂತಿತ್ತು. ಏನೋ ಅಲುಗಿದಾಗಲೆಲ್ಲ ಕೈ ತಡೆದಂತೆ.

ಭರಮ ತಲೆಯೆತ್ತಿದ.

"ಕೆಳಗ ಕೈ ಇಡಲಿಕ್ಕೆ ಜಾಗಾ ಇರಲಿಲ್ಲರಿ. ಕೆಳಗ ನೀವಿದ್ರಿ. ಕೌದಿ ಹೊದ್ದು ಓರೆಯಾಗಿ ಮಲಗಿದ್ರಿ, ಅದಕ್ಕ ಹೂವೂ ಓರೆ. ನೀವು ಮಿಸುಕಿದಾಗೆಲ್ಲ ರಾಣಿಯವ್ರು ಸೂಜಿ ನಿಲ್ಲಿಸ್ಯಾರ. ಕೂಸಿಗೆ ಚುಚ್ಚಬಾರದಂತ ಮ್ಯಾಲಿನ ಪದರದಾಗ ಹೊಲಿದಾರ."

ರಾಜಕುಮಾರಿಯ ಮುಖದ ಬಣ್ಣ ಇಳಿಯಿತು. "ನಿನಗೆ ಯಾರು ಹೇಳಿದರು?"

"ಹೊಲಿಗೆ ಹೇಳತೈತ್ರಿ."

"ನನಗೆ ಜ್ವರ. ತೋಟದ ಹೂ ಬೇಕೆಂದು ಅತ್ತಿದ್ದೆ," ಎಂದಳು ಅವಳು. "ನಾನು ನಿದ್ದೆ ಹೋಗಿದ್ದೇನೆಂದು ಅವ್ವ ಅಂದುಕೊಂಡಳು. ಎಚ್ಚರವಿತ್ತು. ಎದೆಯ ಮೇಲೆ ದಾರ ಜಗ್ಗುವುದು ತಿಳಿಯುತ್ತಿತ್ತು. ಕಣ್ಣು ತೆರೆದರೆ ಎದ್ದು ಹೋದಾಳೆಂದು ತೆರೆಯಲಿಲ್ಲ. ಅದೇ ವಾರ ನನ್ನ ಜ್ವರ ಅವಳಿಗೆ ಬಂತು. ಅವಳು ಮತ್ತೆ ಏಳಲೇ ಇಲ್ಲ."

ಗಳಿಗೆ ಬಟ್ಟಲು ಮುಳುಗಿತು. ಜಾಗಟೆಯವನು ಕೋಲೆತ್ತಿದ, ರಾಜ ಕೈಯೆತ್ತಿ ತಡೆದ. ಆದರೆ ಮಗಳು ಇನ್ನೂ ಹ್ಞೂಂ ಅಂದಿರಲಿಲ್ಲ. ಅವಳು ಕೆಳಗೆ ಕುಳಿತು ಕೌದಿಯನ್ನು ಮಂಡಿಯ ಮೇಲೆಳೆದುಕೊಂಡಳು.

"ಒಂದು ಎಸಳಿನ ಹೊಲಿಗೆ ಬಿಟ್ಟಿದೆ. ಹೊಲಿ."

ಹದಿಮೂರು ಜನ ಸೆರೆಯಲ್ಲಿ, ಕೊಡಲಿ ಬೆನ್ನ ಹಿಂದೆ. ಭರಮ ಬೆರಳನ್ನು ಧೋತರಕ್ಕೊರೆಸಿ ದಾರ ಪೋಣಿಸಿದ. ಮೂರು ಹೆಜ್ಜೆ, ಒಂದು ನಿಲುಗಡೆ. ರಾಜಕುಮಾರಿ ಕಣ್ಣು ಮುಚ್ಚಿಕೊಂಡಿದ್ದಳು. ಅವನು ದಾರ ಕಡಿದಾಗಲೂ ತೆರೆಯಲಿಲ್ಲ.

"ಬಿಡಿಸಿ ಅವರನ್ನು," ಎಂದಳು.

ಯುವರಾಜ ಮುತ್ತಿನ ಹಾರವನ್ನೂ ಮರೆತು ಊರು ಬಿಟ್ಟ. ಕರಿಯ ಹೊರಬಂದವನೇ ಪೇಟ ಬಿಚ್ಚಿ ಮಡಿಸತೊಡಗಿದ. ಯಾರಿಗೆ ವಾಪಸು ಕೊಡಬೇಕೆಂಬುದು ಮಾತ್ರ ನೆನಪಾಗಲಿಲ್ಲ. ಭರಮನಿಗೆ ಅರ್ಧ ರಾಜ್ಯ ಬಂತು, ಮದುವೆಯೂ ನಿಶ್ಚಯವಾಯಿತು.

ದುರಗವ್ವನನ್ನು ಪಲ್ಲಕ್ಕಿಯಲ್ಲಿ ಕರೆತಂದರು. ಸೊಸೆಯಾಗುವವಳು ಕಾಲಿಗೆರಗಿದಳು. ಮುದುಕಿ ಅವಳ ಮುಖ ನೋಡುವ ಮೊದಲು ಕೌದಿಯನ್ನೆತ್ತಿಕೊಂಡು ಮಗುಚಿದಳು. ಮಗ ಹೊಲಿದ ಎಸಳಿನ ಕೆಳಗೆಲ್ಲ ಬೆರಳಾಡಿಸಿದಳು.

"ದಾರ ಕೆಳಗ ಬಂದಿಲ್ಲ," ಎಂದಳು. "ಇನ್ನ ಮದುವಿ ಅಕ್ಕಿಕಾಳು ಹಾಕ್ರಿ."