ಹಗೇವಿನ ಬಾಯಲ್ಲಿ

ಪೂಜ್ಯ ಇನ್ನಾಸಪ್ಪ ಸ್ವಾಮಿಗಳಿಗೆ ತೊರೆಹಾಳದಲ್ಲಿ ಗುರುಮನೆ ಎಂಬುದು ಹೆಸರಿಗೆ ಮಾತ್ರ ಇತ್ತು. ದೇವಾಲಯದ ಹಿಂಬದಿಯ ತಗಡಿನ ಕೊಟ್ಟಿಗೆಯಲ್ಲಿ ಒಂದು ಚಾಪೆ, ಒಂದು ಕೊಡ, ಗೋಡೆಯ ಮೇಲೊಂದು ಮರದ ಶಿಲುಬೆ. ಉಳಿದ ಜಾಗವೆಲ್ಲ ಹಗ್ಗ, ಸಲಿಕೆ, ಬುಟ್ಟಿಗಳದು. ನೆರೆ ಇಳಿದ ಊರುಗಳಲ್ಲಿ ಸೇವೆಗೆ ಹೋಗಬೇಕಾದ ಧರ್ಮಸಭೆಯ ಯುವಕರನ್ನು ಸ್ವಾಮಿಗಳು ಅಲ್ಲಿಯೇ ಅಣಿಗೊಳಿಸುತ್ತಿದ್ದರು. ಗಂಟು ಹಾಕಲು ಕಲಿಸುವರು. ತಪ್ಪಿದರೆ ಬಿಚ್ಚಿಸಿ ಮತ್ತೆ ಹಾಕಿಸುವರು. ಕಾಳು ಕೊಳೆತ ಗುಂಡಿಗೆ ಮೊದಲು ದೀಪ ಇಳಿಯಬೇಕು, ಆಮೇಲೆ ಮನುಷ್ಯ ಎಂಬುದನ್ನು ಪ್ರತಿ ಪಾಠದಲ್ಲೂ ಬಾಯಿಂದ ಹೇಳಿಸುವರು.

ಜ್ಞಾನಪ್ಪನಿಗೆ ಇದು ರುಚಿಸುತ್ತಿರಲಿಲ್ಲ. ಅವನು ಮಾರುಕಟ್ಟೆಯ ಹಮಾಲ. ತೋಳಿನ ಬಲವಿತ್ತು, ತಾಳ್ಮೆಯಿರಲಿಲ್ಲ.

“ಕೆಸರು ಹೊರಾಕ ಸಾಲಿ ಯಾಕ ಬೇಕೋ? ನಮ್ಮ ಸ್ವಾಮೇರು ಸೈತಾನಗಿಂತ ಸಡ್ಲ ಗಂಟಿಗೇ ಹೆಚ್ಚು ಅಂಜತಾರ,” ಎಂದು ಗೆಳೆಯರನ್ನು ನಗಿಸುತ್ತಿದ್ದನು. ಮಾತು ಸ್ವಾಮಿಗಳ ಕಿವಿಗೆ ಬಿತ್ತು. ಅವರು ಅವನು ಹಾಕಿದ ಗಂಟನ್ನು ಬಿಚ್ಚಿ ಹಗ್ಗವನ್ನು ಅವನ ಕೈಗೇ ಕೊಟ್ಟರು.

ಆ ವರ್ಷ ಕೃಷ್ಣೆ ತಗ್ಗಿದ ಮೇಲೆ ತಂಡವು ಹಿರೇಜಾಲಿಗೆ ಹೋಯಿತು. ಊರಿನ ಹೆಚ್ಚಿನ ಜನ ಇನ್ನೂ ಗಂಜಿ ಕೇಂದ್ರದಲ್ಲಿದ್ದರು. ಬೀದಿಯ ತುಂಬ ಸತ್ತ ದನಗಳ ನಾತ. ಅಂಬವ್ವ ಎಂಬ ವಿಧವೆ ಎದುರಿಗೆ ಬಂದು ಸ್ವಾಮಿಗಳ ನಿಲುವಂಗಿಯನ್ನು ಹಿಡಿದುಕೊಂಡಳು. ಅವಳ ಒಬ್ಬನೇ ಮಗ, ಜೋಳವೇನಾದರೂ ಉಳಿದಿದೆಯೇ ಎಂದು ನೋಡಲು, ಹಿಂದಿನ ಸಂಜೆ ಅಂಗಳದ ಹಗೇವಿಗೆ, ನೆಲದೊಳಗಿನ ಆ ಕಾಳಿನ ಗುಂಡಿಗೆ, ಇಳಿದಿದ್ದನು. ಮೇಲೆ ಬಂದಿರಲಿಲ್ಲ.

“ಕರದ್ರ ಓ ಅನ್ನವಲ್ಲ, ಯಪ್ಪಾ. ತಗದು ಕೊಡ್ರಿ.”

ಜ್ಞಾನಪ್ಪನು ಆಗಲೇ ಅಂಗಿ ಕಳಚಿದ್ದನು. ಶಿಲುಬೆಯ ಗುರುತು ಹಾಕಿಕೊಂಡು ಹಗೇವಿನ ಬಾಯೊಳಗೆ ಕಾಲು ಇಳಿಬಿಟ್ಟನು.

“ದೀಪ,” ಎಂದರು ಸ್ವಾಮಿಗಳು.

“ಪ್ರಾರ್ಥನಾ ಮಾಡೇನ್ರಿ ಸ್ವಾಮೇರ. ದೇವರು ಕಾಯತಾನ.”

“ಪ್ರಾರ್ಥನಾ ದೀಪದ ಕೆಲಸ ಮಾಡೂದಿಲ್ಲ. ಕಾಲು ಮ್ಯಾಲ ತಗೊ.”

ಸ್ವಾಮಿಗಳು ಬುಡ್ಡಿದೀಪವನ್ನು ಹಗ್ಗಕ್ಕೆ ಕಟ್ಟಿ ತಾವೇ ಇಳಿಸಿದರು. ಅರ್ಧ ಆಳ ಮುಟ್ಟುವ ಮೊದಲೇ ಉರಿ ಕುಗ್ಗಿತು, ಆರಿತು. ಊದಿದವರಿರಲಿಲ್ಲ. ಜ್ಞಾನಪ್ಪನು ಕಾಲುಗಳನ್ನು ಎದೆಗೆ ಎಳೆದುಕೊಂಡನು.

ಅಂಬವ್ವನಿಗೆ ಕಂಡದ್ದು ಸುಮ್ಮನೆ ನಿಂತ ಗಂಡಸರು ಮಾತ್ರ.

“ನಿಮ್ಮ ಮಗ ಆಗಿದ್ರ ಹಿಂಗ ನಿಂದರತಿದ್ರೇನು? ಹೆಂಡ್ತಿ ಮಕ್ಕಳಿಲ್ಲದ ಸನ್ಯಾಸಿಗೆ ಏನ ತಿಳೀತೈತಿ?”

ಸ್ವಾಮಿಗಳು ಅವಳ ಮುಖವನ್ನು ನೇರವಾಗಿ ನೋಡಿದರು. “ನಿನ್ನ ಮಗ ತೀರಿಹೋಗ್ಯಾನ, ತಾಯಿ. ಇನ್ನೊಬ್ಬಾಕಿ ಮಗನ್ನ ಅವನ ಮ್ಯಾಲ ಕೆಡವಲಾರೆ.”

ಆ ಮಾತನ್ನು ಅಲ್ಲಿಯವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಸ್ವಾಮಿಗಳ ಎದೆಗೆ ಗುದ್ದಿದಳು. ಅವರು ತಡೆಯಲಿಲ್ಲ. ಅವಳು ಕುಸಿದಾಗ ಅವರೂ ಕೆಸರಿನಲ್ಲಿ ಅವಳ ಪಕ್ಕದಲ್ಲಿ ಕುಳಿತರು, ಕೆಲಸ ಮುಗಿಯುವವರೆಗೆ ಏಳಲಿಲ್ಲ.

ಯುವಕರು ಬೇವಿನ ಕೊಂಬೆಗಳ ಕಟ್ಟನ್ನು ಹಗ್ಗದಿಂದ ಇಳಿಸಿ, ಎಳೆದು, ಒಳಗಿನ ಕೆಟ್ಟ ಗಾಳಿಯನ್ನು ಕದಡಿದರು. ದೀಪ ಇಳಿಸಿದರು, ಆರಿತು. ಮತ್ತೆ ಕದಡಿದರು. ಅಂಗೈಯ ಚರ್ಮ ಸುಲಿಯಿತು. ಜ್ಞಾನಪ್ಪನ ಕಣ್ಣು ಮಾತ್ರ ಕೆಸರಿನಲ್ಲಿ ಕುಳಿತಿದ್ದ ಆ ಇಬ್ಬರ ಮೇಲೆಯೇ ಹೋಗುತ್ತಿತ್ತು. ಹೊತ್ತು ವಾಲಿದ ಮೇಲೆ ದೀಪವು ತಳದಲ್ಲಿ ನಿಂತು ಉರಿಯಿತು. ಸ್ವಾಮಿಗಳು ಕುಳಿತಲ್ಲಿಂದಲೇ ತಲೆಯಾಡಿಸಿದರು. ಜ್ಞಾನಪ್ಪನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದನು.

ಹುಡುಗನು ಹುಳಿತ ಜೋಳದ ಮೇಲೆ ಬೋರಲಾಗಿ ಬಿದ್ದಿದ್ದನು. ಮುಷ್ಟಿಯಲ್ಲಿ ಒಂದು ಹಿಡಿ ಕಾಳು. ಜ್ಞಾನಪ್ಪನು ಅವನ ಕಂಕುಳಡಿ ಹಗ್ಗ ಹಾಯಿಸಿದನು. ಎಳೆಯಿರಿ ಎಂದು ಕೂಗಲು ಹೋಗಿ ತಡೆದನು. ಜೀವನವೆಲ್ಲ ಚೀಲ ಎತ್ತಿದ ಕೈಗಳು ಅವು; ಇವನು ಚೀಲವಲ್ಲ. ಅವನು ಮೇಲೆ ನೋಡಿದನು.

“ಯವ್ವಾ, ಇವನ್ನ ಮನ್ಯಾಗ ಏನಂತ ಕರೀತಿದ್ದಿ?”

ಮೇಲಿನಿಂದ ಅಂಬವ್ವನ ದನಿ ಬಂತು. “ಈರ್ಯಾ.”

“ಈರ್ಯಾ, ಮ್ಯಾಲ ಹೋಗೂಣು ಬಾರಪಾ. ಅವ್ವ ಕುಂತಾಳ.”

ಆಮೇಲೆಯೇ ಅವನು ಹಗ್ಗವನ್ನು ಅಲುಗಿಸಿದನು.

ಸ್ವಾಮಿಗಳು ದೈವಾಧೀನರಾದ ಬಳಿಕ ಯುವಕರನ್ನು ಅಣಿಗೊಳಿಸುವ ಹೊಣೆ ಜ್ಞಾನಪ್ಪನದಾಯಿತು. ಹೆಸರು ಕೇಳಿ ತಿಳಿಯದೆ ಅವನ ತಂಡದವರು ಯಾವ ಶವಕ್ಕೂ ಕೈ ಹಚ್ಚುತ್ತಿರಲಿಲ್ಲ. ಹೇಳುವವರು ಒಬ್ಬರೂ ಉಳಿದಿಲ್ಲದ ಕಡೆ ಅವನು ಶವದ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂಡುವನು. ಬಳಿಕ “ತಮ್ಮಾ” ಎಂದು ಕರೆದು ಎತ್ತುವನು.