ಮೀನು ಕೊಟ್ಟ ರೆಪ್ಪೆ

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟವನ್ನು ಮುಟ್ಟಿದರೆ ಬೆರಳಿನ ಗುರುತು ಮೂಡುತ್ತಿತ್ತು. ಎತ್ತ ಹರಿಯಬೇಕೆಂಬುದು ಹೊಳೆಗಿನ್ನೂ ಗೊತ್ತಿರಲಿಲ್ಲ. ಆಗ ಮನುಷ್ಯರ ಕಣ್ಣಿಗೆ ರೆಪ್ಪೆ ಇರಲಿಲ್ಲ. ರೆಪ್ಪೆ ಇದ್ದದ್ದು ಮೀನುಗಳಿಗೆ.

ನಂಬಿಕೆ ಬರಲಿಲ್ಲವೇ? ಕೇಳು ಮತ್ತೆ.

ಆಗ ಮಲಗಿದವರು ಕಣ್ಣು ಬಿಟ್ಟುಕೊಂಡೇ ಮಲಗುತ್ತಿದ್ದರು. ಸತ್ತವರೂ ಹಾಗೇ. ಯಾರು ಮಲಗಿದ್ದಾರೆ, ಯಾರು ಸತ್ತಿದ್ದಾರೆ ಎಂದು ತಿಳಿಯಲು ಮೂಗಿನ ಹತ್ತಿರ ಬೆರಳು ಹಿಡಿದು ನೋಡಬೇಕಿತ್ತು.

ಹೊಳೆಯ ದಂಡೆಯಲ್ಲಿ ದುರುಗವ್ವ ಎಂಬ ಹೆಂಗಸಿದ್ದಳು. ಬಲೆ ಹೆಣೆಯುವುದು ಅವಳ ಕೆಲಸ. ಕೂತಳೆಂದರೆ ತಲೆ ಎತ್ತುವವಳಲ್ಲ. ಗಂಟಿನ ಮೇಲೆ ಗಂಟು, ಗಂಟಿನ ಮೇಲೆ ಗಂಟು. ಮುಂದಿಟ್ಟ ಅಂಬಲಿಯನ್ನು ಕೋಳಿ ಕುಡಿದು ಹೋದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಅವಳ ಕಣ್ಣು ಮೊದಲು ಕೆಂಪಾಯಿತು. ಆಮೇಲೆ ಒಣಗಿತು. ಕೊನೆಗೆ ಮಂಜು ಕವಿಯಿತು. ಅಂಥ ಹೊತ್ತಿನಲ್ಲೇ ಅವಳಿಗೆ ಮಗಳು ಹುಟ್ಟಿದಳು. ಎಷ್ಟು ಬಗ್ಗಿ ನೋಡಿದರೂ ಕೂಸಿನ ಮುಖದ ಜಾಗದಲ್ಲಿ ಅವಳಿಗೆ ಕಂಡದ್ದು ಒಂದು ಮಬ್ಬು ಮಾತ್ರ. ಕೂಸೋ, ಹುಟ್ಟಿದಾಗಿನಿಂದ ನಿದ್ದೆಯನ್ನೇ ಮಾಡಿರಲಿಲ್ಲ. ಬಿಟ್ಟ ಕಣ್ಣು ಬಿಟ್ಟಂತೆ ಚೀರುತ್ತಿತ್ತು. ದುರುಗವ್ವ ಬಲೆಯನ್ನು ಮೂಲೆಗೆ ಎಸೆದಳು.

ಗಾಳಿ ಬಾಗಿಲಲ್ಲಿ ಸುಳಿಯಿತು. "ಯಾಕ ದುರುಗವ್ವ, ಬಲೆ ಮೂಲಿಗೆ ಬಿದ್ದೈತಿ?"

"ನೀನೇ ಕಣ್ಣಾಗ ಧೂಳ ತುಂಬಿ, ನೀನೇ ಕೇಳಾಕ ಬಂದಿಯೇನು? ನನ್ನ ಮಗಳ ಮಾರಿ ನನಗ ಕಾಣವಲ್ದು."

"ಬಾಗಿಲಿಲ್ಲದ ಮನಿಯೊಳಗ ಧೂಳ ಬರೂದ. ಕಣ್ಣಿಗೆ ರೆಪ್ಪಿ ಬೇಕಂದ್ರ ಮಡುವಿನ ಹಿರಿಮೀನಿನ ಹತ್ರ ಹೋಗು. ನಡು ಮಧ್ಯಾಹ್ನ, ನೆರಳು ಕಾಲಾಗ ಸೇರಿದಾಗ ಹೋಗು," ಎಂದಿತು ಗಾಳಿ.

ಮಟಮಟ ಮಧ್ಯಾಹ್ನ ದುರುಗವ್ವ ಕೂಸನ್ನೆತ್ತಿಕೊಂಡು ಮಡುವಿಗೆ ಹೋದಳು. ಹಕ್ಕಿ ಉಲಿಯಲಿಲ್ಲ. ಎಲೆ ಅಲುಗಲಿಲ್ಲ. ಅವಳ ಮಂಜುಗಣ್ಣಿಗೂ ಕಾಣುವಂತೆ, ನೀರಿನಡಿ ತಟ್ಟೆಯಷ್ಟು ದೊಡ್ಡ ಎರಡು ಕಣ್ಣುಗಳು ತೆರೆದವು. ಮುಚ್ಚಿದವು. ಮತ್ತೆ ತೆರೆದವು.

"ಏನು ಬೇಕವ್ವ?" ಎಂದಿತು ಹಿರಿಮೀನು.

"ನಿಮ್ಮ ರೆಪ್ಪಿ ಕೊಡು ತಾಯಿ. ನಿಮಗ ಕಣ್ಣು ತೊಳಿಯಾಕ ಹೊಳಿನ ಐತಿ. ನಮಗ ಏನೈತಿ?"

ಹಿರಿಮೀನು ಮೇಲೆ ಬಂದು ಕೂಸಿನ ಬಿಟ್ಟ ಕಣ್ಣನ್ನು ನೋಡಿತು. ಆಮೇಲೆ ಮಡುವಿನ ಮೀನುಗಳೆಲ್ಲ ಒಂದೇ ಸಲ ಕಣ್ಣು ಮುಚ್ಚಿದವು. ತೆರೆದಾಗ ಒಂದಕ್ಕೂ ರೆಪ್ಪೆ ಇರಲಿಲ್ಲ. ದಂಡೆಯ ಕಲ್ಲಿನ ಮೇಲೆ ಈರುಳ್ಳಿ ಪೊರೆಯ ಹಾಗೆ ರೆಪ್ಪೆಗಳು ರಾಶಿ ಬಿದ್ದಿದ್ದವು. ಅವು ಅಲ್ಲಿಯೂ ಮಿಟುಕುತ್ತಿದ್ದವು.

"ಇವು ನೀರಿನವು, ಒಣಗಾಕ ಬಿಡಬ್ಯಾಡ," ಎಂದಿತು ಹಿರಿಮೀನು. "ಆಗಾಗ ಮುಚ್ಚಿ ತೆರಿ. ಕೈಗೆಲಸ ನೋಡಿ ದಣಿದ್ರ ತಲೆ ಎತ್ತಿ ದೂರದ ಗುಡ್ಡ ನೋಡು. ಹೊಲಸು ಕೈಲೆ ತಿಕ್ಕಬ್ಯಾಡ, ತಣ್ಣೀರಿಲೆ ತೊಳಿ. ಹೊತ್ತು ಮುಳುಗಿದ ಮ್ಯಾಲ ಮುಚ್ಚಿ ಮಲಗು. ಮರೆತಿ ಅಂದ್ರ ಇಸ್ಕೊಳ್ಳಾಕ ನಾನ ಬರ್ತೀನಿ. ಎಲ್ಲಾ ಇಸ್ಕೊತೀನಿ."

ದುರುಗವ್ವ ಮೊದಲು ಕೂಸಿನ ಕಣ್ಣಿಗೆ ರೆಪ್ಪೆ ಇಟ್ಟಳು. ಆಮೇಲೆ ತನ್ನ ಕಣ್ಣಿಗೆ. ಮುಚ್ಚಿದಳು, ತೆರೆದಳು. ಮಂಜು ಕರಗಿತು. ಮಗಳ ಗಲ್ಲದ ಮೇಲೆ ಸಾಸಿವೆಯಷ್ಟು ಮಚ್ಚೆ! ಅದನ್ನು ನೋಡಿ ಅವಳಿಗೆ ಹುಚ್ಚು ಹಿಡಿಯುವಷ್ಟು ಸಂತೋಷವಾಯಿತು. ಉಳಿದ ರೆಪ್ಪೆಗಳನ್ನು ಉಡಿ ತುಂಬಿಕೊಂಡು ಹೋಗಿ ಊರಿಗೆಲ್ಲ ಹಂಚಿದಳು.

ಎಂಟು ದಿನ ಹೇಳಿದಂತೆ ನಡೆದಳು. ಮುಚ್ಚಿದಳು, ತೆರೆದಳು. ತಲೆ ಎತ್ತಿದಳು, ಗುಡ್ಡ ನೋಡಿದಳು. ಒಂಬತ್ತನೆಯ ದಿನ ಬಲೆ ಮುಗಿಯಲು ಒಂದೇ ಮೊಳ ಉಳಿದಿತ್ತು. ಇದೊಂದು ಗಂಟು ಹಾಕಿಬಿಡೋಣ ಅಂದುಕೊಂಡಳು. ಇನ್ನೊಂದು ಗಂಟು. ಇನ್ನೊಂದು. ಗುಡ್ಡ ಮರೆತುಹೋಯಿತು. ಕಣ್ಣು ಮುಚ್ಚುವುದೂ ಮರೆತುಹೋಯಿತು.

ನೆರಳು ಕಾಲಿನಡಿ ಸೇರಿತು. ಗಾಳಿ ನಿಂತಿತು. ಹೊಳೆಯಿಂದ ಮನೆಯ ಕಡೆಗೆ ನೆಲ ಒದ್ದೆಯಾಗುತ್ತಾ ಬಂತು. ಹೆಜ್ಜೆ ಗುರುತಿಲ್ಲ, ಬರೀ ಒದ್ದೆ. ಅದು ಹೊಸ್ತಿಲು ದಾಟಿತು.

"ಕೊಡು," ಎಂದಿತು ಹಿರಿಮೀನಿನ ದನಿ.

ದುರುಗವ್ವ ಕಣ್ಣು ಮುಚ್ಚಲು ಹೋದಳು, ಆಗಲಿಲ್ಲ. ರೆಪ್ಪೆ ಒಣಗಿ ಅಂಚು ಬಿಡುತ್ತಿತ್ತು. ಒದ್ದೆ ನೆಲ ಅವಳನ್ನು ದಾಟಿ ತೊಟ್ಟಿಲ ಕಡೆಗೆ ಹೊರಟಿತು.

"ನನ್ನವು ತಗೋ ತಾಯಿ! ನಾ ಕುರುಡಿ ಆದ್ರೂ ಅಡ್ಡಿಯಿಲ್ಲ. ಕೂಸಿನವು ಬ್ಯಾಡ!"

ತೊಟ್ಟಿಲ ಕೆಳಗೆ ನೀರು ನಿಂತಿತು. ಒಳಗೆ ಕೂಸು ರೆಪ್ಪೆ ಮುಚ್ಚಿ ಮಲಗಿತ್ತು. ಕನಸಿಗೆ ರೆಪ್ಪೆ ಒಂದಿಷ್ಟು ಅದುರಿತು.

"ನಾನೂ ಹಿಂಗ ಮಲಗ್ತಿದ್ದೆ," ಎಂದಿತು ಹಿರಿಮೀನು.

ಆ ಮಾತು ಕೇಳಿ ದುರುಗವ್ವನ ಎದೆ ಒಡೆಯಿತು. ಕಣ್ಣಿನಿಂದ ಬಿಸಿ ನೀರು ಇಳಿಯಿತು. ಮನುಷ್ಯರು ಕಣ್ಣೀರಿಟ್ಟದ್ದು ಅದೇ ಮೊದಲು. ನೆನೆದ ರೆಪ್ಪೆ ಮತ್ತೆ ಕಣ್ಣಿಗೆ ಅಂಟಿಕೊಂಡಿತು.

"ಇಟ್ಕೋ," ಎಂದಿತು ಹಿರಿಮೀನು. "ನೆನಪಿಡೂದು ನಿಮ್ಮ ಕೈಲೆ ಆಗೂದಿಲ್ಲ. ರೆಪ್ಪಿಗೇ ಹೇಳಿ ಹೋಗ್ತೀನಿ." ನೀರಿನ ಮಾತಿನಲ್ಲಿ ಅದು ರೆಪ್ಪೆಗಳಿಗೆ ಏನೋ ಹೇಳಿತು. ಒದ್ದೆ ನೆಲ ಬಂದ ದಾರಿಯಲ್ಲೇ ಹೊಳೆಗೆ ಹಿಂದಿರುಗಿತು.

ಅಂದಿನಿಂದ ನಾವು ಹೇಳದಿದ್ದರೂ ರೆಪ್ಪೆ ತಾನಾಗಿ ಮಿಟುಕುತ್ತದೆ. ಒಂದನ್ನೇ ನೋಡುತ್ತಾ ಕೂತರೆ ಕಣ್ಣು ಉರಿಯುತ್ತದೆ. ರೆಪ್ಪೆಗೆ ಹೊಳೆ ನೆನಪಾಗಿರುತ್ತದೆ, ಅಷ್ಟೇ. ಮೀನು ಮಾತ್ರ ಕಣ್ಣು ಮುಚ್ಚುವುದಿಲ್ಲ, ನೀರಿನಲ್ಲಿ ಮಲಗಿದಾಗಲೂ ಇಲ್ಲ, ಸತ್ತಾಗಲೂ ಇಲ್ಲ. ಸಂತೆಯಲ್ಲಿ ಬುಟ್ಟಿಯೊಳಗಿನ ಮೀನು ನಿನ್ನ ಕಣ್ಣನ್ನೇ ನೋಡುತ್ತಿದ್ದರೆ ಹೆದರಬೇಡ. ತನ್ನ ರೆಪ್ಪೆ ಚೆನ್ನಾಗಿದೆಯೇ ಎಂದು ನೋಡುತ್ತಿದೆ, ಒಮ್ಮೆ ಮುಚ್ಚಿ ತೆರೆದು ತೋರಿಸು.